ಅವ್ವನ ಗೋಡೆಯ ಚಂದ್ರಗಳು

ಮೊಮ್ಮಗಳು ಬಣ್ಣದ ಡಬ್ಬಿಯ ಮುಚ್ಚಳ ತೆಗೆದಳು, ನನಗೆ ನಮ್ಮವ್ವನ ಕೈಯ ವಾಸನೆ ಬಂತು. ಹೀಗೆಂದರೆ ಯಾರಾದರೂ ನಗುತ್ತಾರೆ, ನಗಲಿ. ಪೇಸ್ಟಲ್ ಅಂತ ಆ ಬಣ್ಣದ ಹೆಸರಂತೆ. ನೋಡಲು ನಮ್ಮ ಕಾಲದ ಸಾಲಿಯ ಬಳಪದ ಹಾಗೇ ಇರುತ್ತವೆ, ಆದರೆ ಒಂದೊಂದಕ್ಕೆ ಒಂದೊಂದು ಬಣ್ಣ. ಮುಟ್ಟಿದರೆ ಸಾಕು, ಬೆರಳಿಗೆ ಮೆತ್ತಗಿನ ಹಿಟ್ಟು ಅಂಟುತ್ತದೆ. ಎಣ್ಣೆಯ ವಾಸನೆ ಇಲ್ಲ, ಔಷಧದ ವಾಸನೆ ಇಲ್ಲ. ಒಣಗಿದ ಕೆಮ್ಮಣ್ಣಿನ ಹೆಂಟೆ ಒಡೆದಾಗ ಏಳುತ್ತದಲ್ಲ, ಮೂಗಿನ ತುದಿಗೆ ತಣ್ಣಗೆ ಕೂತು ಗಂಟಲಿಗೆ ಇಳಿಯುವ ದೂಳು, ಅದೇ ವಾಸನೆ. ದೀಪಾವಳಿಗೆ ಎಂಟು ದಿನ ಇರುವಾಗ ನನ್ನ ತವರೂರು ಬೀಡಿಯ ನಮ್ಮ ಮನೆಯಂಗಳದಲ್ಲಿ ಅವ್ವ ಆ ಹೆಂಟೆಗಳನ್ನು ಬಡಿದು, ಜರಡಿ ಹಿಡಿದು, ರಾಶಿ ಮಾಡುತ್ತಿದ್ದಳು. ಅವಳ ಕಣ್ಣಿನ ರೆಪ್ಪೆಯ ಮೇಲೆಲ್ಲ ಕೆಂಪು ಕೂತು, ಅವಳು ಕಣ್ಣು ಪಿಳುಕಿಸಿದಾಗೊಮ್ಮೆ ಒಂದಿಷ್ಟು ಉದುರುತ್ತಿತ್ತು. ಆ ಅವ್ವ ಹೋಗಿ ಎಷ್ಟೋ ಕಾಲವಾಯಿತು, ಆ ಅಂಗಳವೂ ಹೋಯಿತು. ಬೆಳಗಾವಿಯ ಶಹಾಪುರದ ನಮ್ಮ ಮನೆಯಲ್ಲಿ, ಹಿಂದೆ ಮಗ್ಗವಿದ್ದ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ನಾನು, ಎಪ್ಪತ್ತು ದಾಟಿದವಳು, ಎದ್ದು ಹೋಗಿ ಆ ಡಬ್ಬಿಯೊಳಗೆ ಮುಖವಿಟ್ಟು ಮೂಸಿದೆ.

“ಅಜ್ಜೀ! ಮೂಗಿಗೆ ಹಸರು ಹತ್ತೇತಿ ನೋಡು!” ಎಂದು ಸಹನಾ ಕಿರುಚಿದಳು.

ಸಹನಾ ನನ್ನ ಮಗನ ಮಗಳು. ಈಗ ಹದಿನಾರು. ಹಗಲು ಕಾಲೇಜು, ಸಂಜೆ ಚಿತ್ರದ ಕ್ಲಾಸು. ಚಳಿಗಾಲದ ಸೂಟಿಯಲ್ಲಿ ಒಂದು ಹಳ್ಳಿಯ ಚಿತ್ರ ಬರೆದು ತರಬೇಕು, ಫೋಟೋ ನೋಡಿ ಬರೆಯುವ ಹಾಗಿಲ್ಲ, ಬಯಲಿನಲ್ಲಿ ಕೂತು ಕಣ್ಣಾರೆ ನೋಡಿ ಬರೆಯಬೇಕು ಎಂದು ಅವಳ ಸರ್ ಹೇಳಿದ್ದರಂತೆ. “ಯಾವ ಹಳ್ಳಿಗೆ ಹೋಗ್ಲಿ?” ಎಂದು ಅವಳು ಕೇಳಿ ಮುಗಿಸುವುದರೊಳಗೆ ನಾನು ಬೀಡಿ ಎಂದೆ. ಅಷ್ಟು ಜೋರಾಗಿ ಹೇಳಿದೆನಂತೆ, ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆ ಹೊರಗೆ ಬಂದು ನೋಡಿದಳು.

ನನ್ನ ಹೊಟ್ಟೆಯಲ್ಲಿದ್ದ ಆಸೆ ಇಷ್ಟೇ. ನಾನು ಹುಟ್ಟಿದ ಮನೆಯದು ಒಂದೂ ಚಿತ್ರವಿಲ್ಲ. ಮಣ್ಣಿನ ಗೋಡೆ, ನಾಡಹೆಂಚಿನ ಮನೆ. ಅಣ್ಣನ ಮಗ ಅದನ್ನು ಬಿಚ್ಚಿ ಹಿಂದಕ್ಕೆ ಸರಿದು ಸಿಮೆಂಟಿನ ಮನೆ ಕಟ್ಟಿ ಬಹಳ ವರ್ಷವಾಯಿತು. ಅವನನ್ನು ಬೈಯುವುದಿಲ್ಲ, ಸೋರುವ ಮನೆಯಲ್ಲಿ ಮಕ್ಕಳು ಮರಿ ಇರಬೇಕೇನು? ಆದರೆ ಅವ್ವನ ಕಾಲದ ಆ ಮನೆಯನ್ನು ಕಂಡ ಕಣ್ಣು ಈಗ ಉಳಿದದ್ದು ಎರಡು ಜೊತೆ, ನನ್ನವು ಮತ್ತು ನಮ್ಮಣ್ಣ ಮಲ್ಲಪ್ಪನವು. ಹೋದ ದಸರೆಯಲ್ಲಿ ಒಂದು ದಿನ ದೀಪ ಹಚ್ಚುತ್ತಾ ನಿಂತವಳಿಗೆ, ನಮ್ಮ ಮನೆಯ ದೀಪದ ಗೂಡು ಬಾಗಿಲ ಎಡಕ್ಕಿತ್ತೋ ಬಲಕ್ಕಿತ್ತೋ ಎಂಬುದು ತಟ್ಟನೆ ನೆನಪಾಗಲಿಲ್ಲ. ಕಡ್ಡಿ ಬೆರಳು ಸುಡುವ ತನಕ ನಿಂತೆ. ಆಮೇಲೆ ನೆನಪಾಯಿತು, ಬಲಕ್ಕೆ. ಆದರೆ ಹೆದರಿಕೆ ಹೋಗಲಿಲ್ಲ. ಮನೆ ಬಿದ್ದದ್ದು ಒಂದು ಸಲ. ನಾನು ಮರೆತರೆ ಎರಡನೇ ಸಲ ಬಿದ್ದ ಹಾಗೆ.

ಅಣ್ಣನಿಗೆ ಫೋನು ಹಚ್ಚಿದೆ. “ಸಹನಾನ ಕಡಿಂದ ನಮ್ಮ ಹಳೇ ಮನಿ ಬರಸ್ತೀನಿ” ಎಂದೆ.

“ಏ ಹುಚ್ಚಿ,” ಎಂದ ಆ ಕಡೆಯಿಂದ. “ಇಲ್ಲದ ಮನಿ ಹೆಂಗ ಬರೀತಾಳ? ಅಲ್ಲೀಗ ಟ್ರ್ಯಾಕ್ಟರ್ ನಿಂದರ್ತೈತಿ. ಟ್ರ್ಯಾಕ್ಟರ್ ಬರಸು, ಚಲೋ ಕಾಣ್ತೈತಿ.”

“ನೀ ನೋಡಿದ ಕೂಡ್ಲೆ, ನಾ ಏನೂ ಹೇಳೂದರಾಗ, ಇದು ನಮ್ಮ ಮನಿ ಅನಬೇಕು. ಹಂಗ ಬರಸ್ತೀನಿ.”

“ಮೊನ್ನೆ ಕಣ್ಣಿನ ಆಪರೇಶನ್ ಆಗೇತಿ ಗಂಗೂ. ಈಗ ಇರವಿ ಕಾಲೂ ಎಣಸ್ತೀನಿ. ತಂಗಿ ಅಂತ ಸುಳ್ಳ ಹೇಳಂಗಿಲ್ಲ, ಅಲ್ಲ ಅಂದ್ರ ಅಲ್ಲ ಅಂತೀನಿ.”

“ಆತು, ನೋಡೂಣು” ಎಂದೆ. ಎಂಬತ್ತರ ಹತ್ತಿರ ಬಂದರೂ ಅಣ್ಣ ಅಣ್ಣನೇ. ಸಣ್ಣವಳಿದ್ದಾಗ ನನ್ನ ಗೋಲಿಗಳನ್ನೂ ಹೀಗೇ ಪಂಥ ಕಟ್ಟಿ ಗೆದ್ದುಕೊಂಡವನು.

ಆ ದಿನ ಬೆಳಗಾವಿಯ ಚಳಿ ಹಲ್ಲು ಕಟಕಟಿಸುವ ಹಾಗಿತ್ತು. ಮೊದಲ ಬಸ್ಸು ಹಿಡಿದೆವು. ನನ್ನ ಚೀಲದಲ್ಲಿ ಅಣ್ಣನಿಗೆಂದು ಕುಂದಾ ಮಿಠಾಯಿ, ಅವಳ ಚೀಲದಲ್ಲಿ ಬಣ್ಣದ ಡಬ್ಬಿ, ತೊಡೆಯ ಮೇಲೆ ಹಲಗೆ. ಖಾನಾಪುರ ದಾಟುವಾಗ ಮಲಪ್ರಭೆ ಕಾಣಲೇ ಇಲ್ಲ, ಹೊಳೆಯ ಉದ್ದಕ್ಕೂ ಮಂಜು ಮಲಗಿತ್ತು, ನೀರಿನ ಮೇಲೆ ಇನ್ನೊಂದು ಹೊಳೆ ಹರಿದ ಹಾಗೆ. “ಅಜ್ಜಿ, ಇದು ಬಿಳಿ ಅಲ್ಲ ನೋಡು, ನೀಲಿ ಐತಿ” ಎಂದಳು ಸಹನಾ. ನೋಡಿದೆ, ಖರೇನೇ ನೀಲಿ ಇತ್ತು. ಇಷ್ಟು ವರ್ಷ ಮಂಜು ಬಿಳಿ ಎಂದೇ ನಂಬಿಕೊಂಡು ಬದುಕಿದ್ದೆ.

ಬೀಡಿಯಲ್ಲಿ ಇಳಿದು ಮನೆಗೆ ಹೋದರೆ ಅಣ್ಣ ಇರಲಿಲ್ಲ. ಕಣ್ಣು ತೋರಿಸಲು ಖಾನಾಪುರಕ್ಕೆ ಹೋಗಿದ್ದಾನೆ, ಮಧ್ಯಾಹ್ನದ ಬಸ್ಸಿಗೆ ಬರುತ್ತಾನೆ ಎಂದು ಅವನ ಸೊಸೆ ಶಾಂತಾ ಹೇಳಿದಳು. ಹಾದಿಯಲ್ಲಿ ಎಲ್ಲೋ ನಮ್ಮ ಬಸ್ಸು ಅವನ ಬಸ್ಸು ಒಂದನ್ನೊಂದು ದಾಟಿರಬೇಕು. ಇದು ಚಲೋನೇ ಆಯಿತು. ಅವನು ಬರುವುದರೊಳಗೆ ಚಿತ್ರ ಮುಗಿದಿರಬೇಕು. ಶಾಂತಾ ಬಿಸಿ ರೊಟ್ಟಿ, ಬೆಣ್ಣೆ, ಕೆಂಪು ಚಟ್ನಿ ಕೊಟ್ಟಳು. ತಿಂದು ಓಣಿಯ ಆಚೆ ಬದಿ, ಹುಲ್ಲಿನ ಬಣವೆಯ ಪಕ್ಕ ಬಿಸಿಲು ಬೀಳುವ ಕಡೆ ಚಾಪೆ ಹಾಸಿಕೊಂಡು ಕೂತೆವು. ಎದುರಿಗೆ ನಮ್ಮ ಮನೆಯ ಜಾಗ. ತಗಡಿನ ಕೆಳಗೆ ಟ್ರ್ಯಾಕ್ಟರ್. ಹಳೆಯದೆಂದು ಉಳಿದದ್ದು ಬಾಗಿಲ ಮುಂದಿನ ಎರಡು ಕಲ್ಲಿನ ಮೆಟ್ಟಿಲು ಮಾತ್ರ. ಈಗ ಅವು ಎಲ್ಲಿಗೂ ಹೋಗುವುದಿಲ್ಲ, ಕೋಳಿ ಹತ್ತಿ ಇಳಿಯುತ್ತದೆ.

ಸಹನಾ ಬರೆಯಲು ಶುರು ಮಾಡಿದಳು. ಹುಡುಗಿಯರ ಕೈ ಓಡುವುದನ್ನು ನಾನು ಕಂಡವಳೇ. ಶಹಾಪುರದ ನೇಕಾರರ ಓಣಿಗೆ ಸೊಸೆಯಾಗಿ ಬಂದು ನಲವತ್ತು ವರ್ಷ ನೂಲು ಸುತ್ತಿದವಳು. ಆದರೆ ಇದು ಬೇರೆ. ಬಳಪವನ್ನು ಅಡ್ಡ ಹಿಡಿದು ಒಮ್ಮೆ ಎಳೆದಳು, ಹೊಲ ಬಂತು. ಬೆರಳಿನಿಂದ ಉಜ್ಜಿದಳು, ಹೊಲದ ಮೇಲೆ ಮಂಜು ಬಂತು. ಬಣವೆಯ ನೆರಳಿಗೆ ನೇರಳೆ ಬಣ್ಣ ಹಚ್ಚಿದಾಗ ನಾನು ತಡೆಯಬೇಕೆಂದುಕೊಂಡೆ, ಹಚ್ಚಿ ಆದಮೇಲೆ ನೋಡಿದರೆ ಹುಲ್ಲಿಗೆ ಬಿಸಿಲು ತಾನೇ ಬಿದ್ದಿತ್ತು. ಓಣಿಯ ತಿರುವಿನ ಹುಣಸೆ ಮರ, ಅದರ ಕೆಳಗಿನ ಎಮ್ಮೆ, ದೂರದ ಕಬ್ಬಿನ ಹಸಿರು, ಒಂದೊಂದೇ ಬಂದು ಕೂತವು. ತಲೆಯ ಮೇಲೆ ಬುಟ್ಟಿ ಹೊತ್ತು ಹೊರಟಿದ್ದ ಒಬ್ಬ ಹೆಣ್ಣುಮಗಳು ನಿಂತು ನೋಡಿ, “ಛಾನ್ ಆಹೇ ಗ ಪೋರಿ!” ಎಂದು ಮರಾಠಿಯಲ್ಲಿ ಹೊಗಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಎಮ್ಮಿ ನಮ್ದರೀ. ಹಾಲೂ ಕೊಡೂಹಂಗ ಬರದಾಳ ನೋಡ್ರಿ” ಎಂದು ನಕ್ಕು ಹೋದಳು. ನನ್ನ ಎದೆ ಹಪ್ಪಳದ ಹಾಗೆ ಉಬ್ಬಿತು.

ಕೊನೆಗೆ ಹಾಳೆಯ ನಡುವೆ ಜಾಗ ಉಳಿಯಿತು. “ಅಲ್ಲಿ ಮನಿ ಬರಿ” ಎಂದೆ.

“ಕಂಡದ್ದನ್ನ ಬರೀಬೇಕು ಅಂದಾರ ಅಜ್ಜಿ ನಮ್ ಸರ್.”

“ನನಗ ಕಾಣ್ತೈತಿ. ನಾ ಹೇಳ್ತೀನಿ, ನೀ ಬರಿ.” ಅಷ್ಟು ಹೇಳಿ, ಇನ್ನೊಂದು ಮಾತನ್ನೂ ಹೇಳಿಬಿಟ್ಟೆ. “ಮತ್ತ, ಇದನ್ನ ಬಲಗೈಲೆ ಬರಿ. ತವರಮನಿ ಐತಿ.”

ಸಹನಾ ಎಡಚಿ. ಹುಟ್ಟಿದಾಗಿನಿಂದ ಅವಳ ಎಡಗೈಯೇ ಮುಂದೆ. ಸಣ್ಣವಳಿದ್ದಾಗ ಎಡಗೈಯಿಂದ ತುತ್ತು ಎತ್ತಿದರೆ ನಾನು ಮಣಿಕಟ್ಟಿನ ಮೇಲೆ ಮೆಲ್ಲಗೆ ಹೊಡೆಯುತ್ತಿದ್ದೆ, ದೇವರಿಗೆ ಹೂವು ಏರಿಸಿದರೆ ಜೋರಾಗಿ ಬೈಯುತ್ತಿದ್ದೆ. ನಮ್ಮಲ್ಲಿ ಹಾಗೇ ಬಂದದ್ದು. ಊಟ, ಕೊಡುವುದು, ತೆಗೆದುಕೊಳ್ಳುವುದು, ಹೊಸ್ತಿಲಿನ ಕೆಲಸ, ಎಲ್ಲ ಬಲಗೈ. ಅವಳು ಊಟಕ್ಕೆ ಬಲಗೈ ಕಲಿತಳು. ಬರೆಯುವುದಕ್ಕೆ ಮಾತ್ರ ಎಡಗೈ ಬಿಡಲಿಲ್ಲ, ನಾನು ಕೋಣೆಯೊಳಗೆ ಬಂದರೆ ಪೆನ್ನು ಕೆಳಗಿಡುತ್ತಿದ್ದಳು. ಹೊಲ, ಎಮ್ಮೆ, ಮರ ಏನೇ ಇರಲಿ, ನನ್ನ ಅವ್ವ ಅಪ್ಪ ಇದ್ದ ಮನೆಯನ್ನು ಎಡಗೈಯಿಂದ ಬರೆಸಲು ನನಗೆ ಮನಸ್ಸಾಗಲಿಲ್ಲ. ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಬಳಪವನ್ನು ಬಲಗೈಗೆ ತೆಗೆದುಕೊಂಡಳು.

ನಾನು ಹೇಳುತ್ತಾ ಹೋದೆ. ಹೆಂಚಿನ ಸೂರು ಎಷ್ಟು ತಗ್ಗು ಎಂದರೆ ಅಪ್ಪ ಹೊಲದಿಂದ ಬಂದಾಗೊಮ್ಮೆ ಬಾಗಿಲ ಮೇಲಿನ ಕಟ್ಟಿಗೆಗೆ ಹಣೆ ಬಡಿದುಕೊಂಡು “ಶಿವಾ” ಅನ್ನುತ್ತಿದ್ದ. ಆ ಕಟ್ಟಿಗೆಯ ನಡುವೆ ಅವನ ಹಣೆಯ ಎಣ್ಣೆಯಿಂದಲೇ ಒಂದು ಕಪ್ಪು ಗುರುತಾಗಿತ್ತು. ಸಹನಾ ನಕ್ಕು ಅಲ್ಲೊಂದು ಚುಕ್ಕೆ ಇಟ್ಟಳು. ಬಾಗಿಲ ಎಡಕ್ಕೆ ಕಟ್ಟೆ. ಅದರ ಅಂಚಿನಲ್ಲಿ ಅಪ್ಪನ ತಾಯಿ, ನಮ್ಮ ಆಯಿ, ಅಡಕೆ ಜಜ್ಜಿ ಜಜ್ಜಿ ಬಿದ್ದ ಕುಳಿ. ಬಲಕ್ಕೆ ದೀಪದ ಗೂಡು, ಅದರ ಮೇಲೆ ಮಸಿಯ ನಾಲಗೆ. ಬಲಗೈಯ ಗೆರೆಗಳು ನಡುಗಿದವು, ಆದರೂ ಮನೆ ಎದ್ದು ನಿಂತಿತು. ಗೋಡೆಯ ಬಣ್ಣಕ್ಕೆ ಬಂದಾಗ ಡಬ್ಬಿಯಲ್ಲಿದ್ದ ಮೂರೂ ಕೆಂಪು ನಮ್ಮ ಕೆಂಪಾಗಲಿಲ್ಲ. ನನ್ನ ಯಜಮಾನರು ಇದ್ದಾಗ ನೂಲಿನ ಬಣ್ಣವನ್ನು ಮಾಡಿನ ಕೆಳಗೆ ಎಂದೂ ನೋಡುತ್ತಿರಲಿಲ್ಲ, ಅಂಗಳದ ಬಿಸಿಲಿಗೆ ಒಯ್ದು ಎರಡು ಎಳೆ ಅಡ್ಡ ಉದ್ದ ಇಟ್ಟು ನೋಡುತ್ತಿದ್ದರು. ಹಾಸಿನ ಎಳೆ ಒಂದು ಬಣ್ಣ, ಹೊಕ್ಕಿನ ಎಳೆ ಇನ್ನೊಂದು, ನೇಯ್ದ ಮೇಲೆ ಕಾಣುವುದು ಮೂರನೆಯದು. “ಇಟ್ಟಂಗಿ ಬಣ್ಣ ಉದ್ದಕ ಎಳಿ, ಅದರ ಮ್ಯಾಲ ಅರಿಷಿಣ ಅಡ್ಡ ಎಳಿ” ಎಂದೆ. ಎಳೆದಳು. ಅವ್ವನ ಕೆಮ್ಮಣ್ಣು ಬಂತು. ಸಹನಾ ಬಾಯಿ ತೆರೆದು ನನ್ನ ನೋಡಿದಳು. “ಅಜ್ಜಿ, ನಿನಗ ಯಾರ್ ಕಲಿಸಿದ್ರ ಇದನ್ನ?” ಎಂದಳು. ಮೂರನೇ ಇಯತ್ತೆಗೇ ಸಾಲಿ ಬಿಟ್ಟವಳಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೇ?

ಆದರೆ ಗೋಡೆ ನಮ್ಮದಾಗಲಿಲ್ಲ. ಗೂಡಿನ ಸುತ್ತಲಿನ ಆ ಮುಂಗೋಡೆಯೇ ನಮ್ಮ ಮನೆಯ ಮುಖ. ಅವ್ವ ಸಗಣಿ, ಕೆಮ್ಮಣ್ಣು ಕಲಸಿ ಅದನ್ನು ಅಂಗೈಯಿಂದ ಬಳಿದರೆ ಸಾಲು ಸಾಲಾಗಿ ಕಮಾನು ಏಳುತ್ತಿದ್ದವು, ಬಿದಿಗೆಯ ಚಂದ್ರನ ಹಾಗೆ, ಒಂದರ ಬೆನ್ನಿಗೊಂದು. ಎಲ್ಲರ ಮನೆಯ ಗೋಡೆಯ ಮೇಲೂ ಬಳಿದ ಕೈಯ ಗುರುತು ಇರುತ್ತಿತ್ತು, ಆದರೆ ಅವ್ವನ ಚಂದ್ರಗಳ ಚಂದವೇ ಬೇರೆ. ಏನು ಬೇರೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಸಹನಾ ಬಲ ಅಂಗೈಯಿಂದ ಬಣ್ಣವನ್ನು ಕಮಾನಾಗಿ ಉಜ್ಜಿದಳು. “ಹಿಂಗೇನು?” ಅಲ್ಲ. ಮತ್ತೆ ಬಣ್ಣ ಹಾಕಿ ಉಜ್ಜಿದಳು. ಅಲ್ಲ. ನಾನೇ ಕೈ ಹಾಕಿ ಉಜ್ಜಿ ತೋರಿಸಲು ಹೋದೆ, ಇನ್ನೂ ಕೆಟ್ಟಿತು. ಚಂದ್ರಗಳೆಲ್ಲ ಮನೆಗೆ ಬೆನ್ನು ಹಾಕಿ ಎಲ್ಲಿಗೋ ಹೊರಟ ಹಾಗೆ ಕಂಡವು. “ಇನ್ನ ಒಂದ ಸಲ ಅಷ್ಟ ಅಜ್ಜಿ, ಆಮ್ಯಾಲೆ ಹಾಳಿ ಬಣ್ಣಾ ಹಿಡ್ಯೂದಿಲ್ಲ” ಎಂದಳು. ಬಿಸಿಲು ಏರಿತ್ತು. ಬಸ್ಸಿನ ಹೊತ್ತು. ಅಣ್ಣ ಬಂದು ಈ ಗೋಡೆ ನೋಡಿ ಅಲ್ಲ ಅಂದರೆ ಮುಗಿಯಿತು, ಮತ್ತೊಮ್ಮೆ ಬರೆಸುವಷ್ಟು ನೆನಪು ನನ್ನಲ್ಲಿ ಉಳಿದಿರುತ್ತದೋ ಇಲ್ಲವೋ. ನನ್ನ ಕಣ್ಣು ತುಂಬಿದ್ದನ್ನು ಅವಳು ನೋಡಿರಬೇಕು.

“ಅಜ್ಜಿ, ನೀ ಆ ಹುಣಸಿಗಿಡದ ಕಡೆ ಹೋಗಿ ನಿಂದ್ರು,” ಎಂದಳು. “ಅಜ್ಜಾ ಬಂದ್ರ ಕೂಗು.”

ನಾನು ಹೋದೆ. ಹೋಗಿ ತಿರುವಿನಲ್ಲಿ, ಮರದ ಬೇರಿನ ಮೇಲೆ ನಿಂತ ಮೇಲೆ ಮೈ ಜುಮ್ಮೆಂದಿತು. ಇದೇ ಬೇರು. ಇದೇ ಮಾತು. ಗೋಡೆ ಬಳಿಯುವ ದಿನ ಅವ್ವ ಸೆರಗು ಕಟ್ಟಿಕೊಂಡು, ಕೆಮ್ಮಣ್ಣಿನ ಬುಟ್ಟಿ ಇಟ್ಟುಕೊಂಡು, ನನಗೆ ಇದನ್ನೇ ಹೇಳುತ್ತಿದ್ದಳು: “ಹುಣಸಿಗಿಡದ ಕಡೆ ನಿಂದ್ರು. ಆಯಿ ಬಂದ್ರ ಕೂಗು.” ಮೊದಲ ಸಲ ನಿಂತಾಗ ನನಗೆ ಐದೋ ಆರೋ ವರ್ಷ. ಆ ಕೆಲಸ ನನಗೆ ರಾಜ್ಯ ಕೊಟ್ಟ ಹಾಗೆ. ಆಯಿ ಆ ದಿನ ಊರಿನ ಆ ತುದಿಗಿದ್ದ ತನ್ನ ತಂಗಿಯ ಮನೆಗೆ ಹೋಗುತ್ತಿದ್ದಳು. ನಾನು ಬೇರಿನ ಮೇಲೆ ಕುಕ್ಕರಿಸಿ ಕೂತು, ಬಿದ್ದ ಹುಣಸೆ ಬೋಟು ಚೀಪುತ್ತಾ, ಕಣ್ಣು ಹಾದಿಯ ಮೇಲೆಯೇ ಇಟ್ಟಿರುತ್ತಿದ್ದೆ. ಬೆನ್ನಿಗೆ ಎಳೆಬಿಸಿಲು. ಹಿಂದಿನಿಂದ ಅವ್ವನ ಅಂಗೈ ಗೋಡೆಗೆ ತಾಕುವ ಸಪ್ಪಳ ಬರುತ್ತಿತ್ತು, ಸರ್ರ್, ಸರ್ರ್, ದನ ನೀರು ಕುಡಿಯುವಾಗಿನ ಹಾಗೆ ತಾಳ ತಪ್ಪದೆ. ಜೊತೆಗೆ ಅವಳ ಗುನುಗು. ಬೇರೆ ದಿನ ಅವಳು ಗುನುಗಿದ್ದನ್ನು ನಾನು ಕೇಳಿಲ್ಲ. ಆಯಿ ಕಣ್ಣಿಗೆ ಬೀಳುವ ಮುಂಚೆ ಅವಳ ಕೆಮ್ಮು ಕೇಳುತ್ತಿತ್ತು, ಎರಡು ಸಲ, ಊರಿಗೆಲ್ಲ ಕೇಳುವ ಹಾಗೆ. “ಅವ್ವಾ, ಆಯಿ ಬಂದ್ಳು!” ಎಂದು ಓಡಿ ಹೋಗುವುದರೊಳಗೆ ಗೋಡೆ ಮುಗಿದಿರುತ್ತಿತ್ತು, ಅವ್ವ ಕೈ ತೊಳೆದು ಆಯಿಯ ಕಾಲಿಗೆ ನೀರು ಹಿಡಿದು ನಿಂತಿರುತ್ತಿದ್ದಳು. ಕಾಲಿಗೆ ನೀರು ತಡವಾಗಬಾರದೆಂದೇ ನನ್ನನ್ನು ನಿಲ್ಲಿಸುತ್ತಾಳೆ ಎಂದು ತಿಳಿದಿದ್ದೆ. ಆಯಿ ಕಾಲು ತೊಳೆದುಕೊಂಡು, ಹಸಿ ಗೋಡೆಯ ಮೇಲೆ ಒಮ್ಮೆ ಕಣ್ಣಾಡಿಸಿ, ಸೆರಗಿನ ಗಂಟು ಬಿಚ್ಚಿ ನನಗೊಂದು ಬೆಲ್ಲದ ಚೂರು ಕೊಡುತ್ತಿದ್ದಳು. ಒಂದು ವರ್ಷ ಮಾತ್ರ ಆಯಿ ಕಾಲು ಉಳುಕಿ ಕಟ್ಟೆಯ ಮೇಲೇ ಕೂತಿದ್ದಳು. ಆ ವರ್ಷ ಗೋಡೆ ಕೆಟ್ಟಿತು. ಗಂಟು ಗಂಟಾಗಿ, ಅಲ್ಲಲ್ಲಿ ಮಣ್ಣು ಉದುರಿ, ಊರಿನ ಹೆಂಗಸರು ನೋಡಿ ಬಾಯಿಗೆ ಸೆರಗು ಹಿಡಿದರು. ಅವ್ವ ಹಿತ್ತಲಲ್ಲಿ ಅತ್ತಳು. “ಈ ವರ್ಷ ಮಣ್ಣ ಸರಿ ಇಲ್ಲ” ಎಂದು ಆಯಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದಳು.

ಈಗಲೂ ಬೆನ್ನಿಗೆ ಬಿಸಿಲು. ಅಷ್ಟರಲ್ಲಿ ನನಗೊಂದು ಹೊಳೆಯಿತು. ಅವ್ವ ಆ ಗೋಡೆಯನ್ನು ಬಳಿಯುವುದನ್ನು ನಾನು ಒಂದು ಸಲವೂ ನೋಡಿಲ್ಲ. ಅಷ್ಟು ವರ್ಷ ನನ್ನ ಮುಖ ಹಾದಿಯ ಕಡೆ, ಬೆನ್ನು ಅವಳ ಕಡೆ.

ದೂರದಲ್ಲಿ ಬಿಳಿ ಟೊಪ್ಪಿಗೆ, ಕರಿ ಕನ್ನಡಕ ಕಂಡವು. ಅಣ್ಣ ಕೋಲೂರುತ್ತಾ ಬರುತ್ತಿದ್ದ. “ಸಹನಾ, ಅಜ್ಜಾ ಬಂದ್ರು!” ಎಂದು ಕೂಗಿ, ಮೊಣಕಾಲು ನೋವು ಮರೆತು ಬಿರಬಿರನೆ ಬಂದೆ. ಹಾಳೆಯ ಮೇಲೆ ಕಣ್ಣು ಬಿತ್ತು. ನಿಂತಲ್ಲೇ ನಿಂತೆ.

ಅವ್ವನ ಗೋಡೆ. ಸಾಲು ಸಾಲು ಚಂದ್ರ, ಎಲ್ಲ ಬಾಗಿಲಿಗೆ ಮುಖ ಮಾಡಿದ್ದವು. ಒಳಗೆ ಯಾರನ್ನೋ ಕರೆಯುತ್ತಿರುವ ಹಾಗೆ, ಊಟಕ್ಕೆ ಬರ್ರಿ ಅನ್ನುವ ಹಾಗೆ. ಬೇರೆ ಎಲ್ಲರ ಗೋಡೆಯ ಚಂದ್ರಗಳು ಆ ಕಡೆ ಬಾಗಿದರೆ ಇವು ಈ ಕಡೆ. ಇಷ್ಟೇ, ಇಷ್ಟೇ ನನಗೆ ಹೇಳಲು ಬಾರದೇ ಇದ್ದದ್ದು.

“ಹೆಂಗ ಮಾಡಿದಿ?” ಎಂದೆ.

“ಸುಮ್ನ ಮಾಡಿದೆ.” ಅವಳು ಒಂದು ಕೈಯನ್ನು ಬೆನ್ನ ಹಿಂದೆ ಸರಿಸಿದಳು.

“ಕೈ ತೋರ್ಸು.”

“ನೀ ಆಕಡೆ ಮುಖಾ ಮಾಡಿ ನಿಂತಿದ್ದೆಲ್ಲಾ ಅಂತ...” ಎನ್ನುತ್ತಾ ಮೆಲ್ಲಗೆ ಎಡಗೈ ಮುಂದೆ ತಂದಳು. ಅಂಗೈ ತುಂಬ ಕೆಂಪು. ಅವಳ ಕಣ್ಣಲ್ಲಿ ಬೈಗುಳಕ್ಕೆ ಕಾಯುವ ಹೆದರಿಕೆ. ಇದು ನಾನು ಹಾಕಿದ ಹೆದರಿಕೆ. ಕೋಲಿನ ಸಪ್ಪಳ ಹತ್ತಿರ ಬಂತು.

“ಎಲ್ಲೈತಿ ತರ್ರಿ ನಿಮ್ಮ ಟ್ರ್ಯಾಕ್ಟರ್” ಎಂದ ಅಣ್ಣ. ಸಹನಾ ಹಲಗೆಯನ್ನು ಎತ್ತಿ ಹಿಡಿದಳು. ಅಣ್ಣ ಕರಿ ಕನ್ನಡಕ ಹಣೆಗೆ ಏರಿಸಿದ. ಬಾಗಿದ. ಬಾಗಿಲ ಮೇಲಿನ ಕಪ್ಪು ಚುಕ್ಕೆ ನೋಡಿದ, ಕಟ್ಟೆಯ ಕುಳಿ ನೋಡಿದ, ಗೋಡೆಗೆ ಬಂದು ಅಲ್ಲೇ ನಿಂತುಬಿಟ್ಟ. ಮನೆಯೊಳಗೆ ಬಂದವರು ಕೇಳುವ ಹಾಗೆ, ಮೆಲ್ಲಗೆ ಕೇಳಿದ:

“ಆಯಿ ಮನ್ಯಾಗಿಲ್ಲೇನು?”

ನನಗೆ ತಿಳಿಯಲಿಲ್ಲ. “ಅಂದ್ರ?”

“ಆಯಿ ಮನ್ಯಾಗಿದ್ರ ಗ್ವಾಡಿ ಹಿಂಗ ಬರ್ತಿತ್ತೇನು? ಅವ್ವ ಎಡಚಿ ಇದ್ಳಲ್ಲ.” ಅಣ್ಣ ನನ್ನ ಮುಖ ನೋಡಿದ. “ಏ ಗಂಗೂ, ನಿನಗ ಗೊತ್ತ ಇಲ್ಲೇನ? ಮತ್ತ ಅಷ್ಟ ವರ್ಷ ಹುಣಸಿಗಿಡದಾಗ ಏನ ಕಾದಿ ನೀ?”

ಚಾಪೆಯ ಮೇಲೆ ಕೂತುಬಿಟ್ಟೆ. ಅಣ್ಣ ನನಗಿಂತ ಏಳೆಂಟು ವರ್ಷ ದೊಡ್ಡವನು, ಅವ್ವನಿಗೆ ಕೆಮ್ಮಣ್ಣು ಹೊತ್ತು ತಂದು ಕೊಡುತ್ತಿದ್ದವನು, ಎಲ್ಲ ಕಂಡಿದ್ದ. ಎಡಗೈಯಿಂದ ಹೊಸ್ತಿಲ ಕಡೆಯ ಗೋಡೆ ಬಳಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ಆಯಿಯ ಮಾತು. ಅದಕ್ಕೆ ಅವಳ ಎದುರಿಗೆ ಅವ್ವ ಎಲ್ಲಕ್ಕೂ ಬಲಗೈ ಮಾಡುತ್ತಿದ್ದಳು, ರೊಟ್ಟಿಯೂ ಸೊಟ್ಟ, ಸಾರಣೆಯೂ ಸೊಟ್ಟ. ಆಯಿ ಓಣಿ ದಾಟಿದಳೆಂದರೆ ಎಡಗೈ ಬಿಚ್ಚುತ್ತಿದ್ದಳು. ಆಗಲೇ ಆ ಗುನುಗು. ನಾನು ಲಗ್ನವಾಗಿ ಶಹಾಪುರಕ್ಕೆ ಬರುವ ತನಕ ಆಯಿ ಇದ್ದಳು, ಹಾಗಾಗಿ ಆ ಎಡಗೈ ನನ್ನ ಕಣ್ಣಿಗೆ ಬಿದ್ದದ್ದೇ ಇಲ್ಲ.

“ಹಂಗಾರ ನಾವು ಆಯಿಗೆ ಮೋಸಾ ಮಾಡಿದ್ವಿ” ಎಂದೆ.

“ಯಾರು ಯಾರಿಗೆ?” ಅಣ್ಣ ಹೊಟ್ಟೆ ಹಿಡಿದು ನಗತೊಡಗಿದ. “ಬರೋಬರಿ ಗ್ವಾಡಿ ಬಳಿಯೂ ದಿನಾನ ಯಾಕ ತಂಗಿ ನೆನಪಾಕ್ಕಿದ್ಳ ಆಕಿಗೆ? ಆ ಕಾಲು ಉಳಕಿದ ವರ್ಷ ಕಟ್ಟಿ ಮ್ಯಾಲ ಕುಂತು ಅವ್ವನ ಗೋಳು ಕಣ್ಣಾರೆ ನೋಡಿದ್ಳು. ಮರುವರ್ಷದಿಂದ, ಕುಂಟಕೋತನ ಯಾಕಾಗವಲ್ದು, ತಂಗಿ ಮನಿಗೆ ಹೋಗೂದ ಬಿಡಲಿಲ್ಲ. ನಾ ಒಮ್ಮೆ ಆಕಿ ಹಿಂದ ಹೋಗಿ ನೋಡೀನಿ. ಈ ತಿರುವಿನ ಆಚೆ, ನಿನಗ ಕಾಣದಂಗ ಒಂದು ಕಲ್ಲಿನ ಮ್ಯಾಲ ಕುಂತಿರ್ತಿದ್ಳು, ಎಲಿ ಅಡಕಿ ಹಾಕ್ಕೋತ. ಕೈ ಸಪ್ಪಳ ನಿಂತ ಮ್ಯಾಲ ಏಳೂದು, ಎರಡ ಸಲ ಕೆಮ್ಮೂದು, ಆಮ್ಯಾಲ ಬರೂದು.”

“ಮತ್ತ ಬಾಯಿಬಿಟ್ಟು ಎಡಗೈಲೇ ಬಳಿ ಅನ್ನಬಾರದಾಗಿತ್ತೇನ?”

“ಹೆಂಗ ಅಂತಾಳ? ಊರ ಸೊಸೆಂದಿರಿಗೆಲ್ಲ ಎಡಗೈ ಬ್ಯಾಡ ಅಂತ ಹೇಳ್ಕೋತ ಬಂದಾಕಿ ತಾನ. ಮಾತು ನುಂಗಾಕ ಬರವಲ್ದು, ಅದಕ್ಕ ಹಾದಿ ಬಿಟ್ಟು ಕೊಟ್ಟಳು.”

ನಾನೂ ನಕ್ಕೆ. ನಗುತ್ತಾ ನಗುತ್ತಾ ಅತ್ತೆ, ಅಳುತ್ತಾ ಮತ್ತೆ ನಕ್ಕೆ. ಸಹನಾ ನಮ್ಮಿಬ್ಬರನ್ನೂ ನೋಡಿ, ಇವರಿಗೇನಾಯಿತು ಎಂದು ಶಾಂತಾಳನ್ನು ಕರೆಯುವವಳಿದ್ದಳು. ಅವಳ ಎಡಗೈಯನ್ನು ಎಳೆದುಕೊಂಡು ಆ ಕೆಂಪು ಅಂಗೈಯನ್ನು ನನ್ನ ಎರಡೂ ಕೆನ್ನೆಗೆ ಒತ್ತಿಕೊಂಡೆ. “ತಪ್ಪಾತು ಮಗಾ,” ಎಂದೆ. “ನಮ್ಮಾಯಿಗೆ ಕೆಮ್ಮು ಆದರೂ ಬರ್ತಿತ್ತು. ನನಗ ಅದೂ ಬರಲಿಲ್ಲ.” ಆಮೇಲೆ ಕುಂದಾದ ಡಬ್ಬಿ ತೆಗೆದು ಅವಳಿಗೆ ಕೊಟ್ಟೆ. “ಅಜ್ಜಗ ಕೊಡು. ಅದ ಕೈಲೆ ಕೊಡು.” ಅವಳು ಅನುಮಾನಿಸುತ್ತಾ ಎಡಗೈಯಲ್ಲಿ ಒಂದು ತುಣುಕು ಹಿಡಿದಳು. ಅಣ್ಣ ಕೈ ಚಾಚಲೇ ಇಲ್ಲ, ಸಣ್ಣ ಹುಡುಗನ ಹಾಗೆ ಬಾಯಿ ತೆರೆದ. ಕುಂದಾಕ್ಕೆ ಒಂದಿಷ್ಟು ಕೆಂಪು ಹತ್ತಿತ್ತು. “ಅವ್ವ ಬಳದ ದಿನಾ ರೊಟ್ಟಿನೂ ಹಿಂಗ ಇರ್ತಿದ್ವು, ಮಣ್ಣ ವಾಸನಿ” ಎಂದು ಕಣ್ಣು ಮುಚ್ಚಿ ತಿಂದ.

ಬಿಸಿಲು ಇಳಿಯುವ ತನಕ ಮೂವರೂ ಅಲ್ಲೇ ಕೂತೆವು. ಸಹನಾ ಈಗ ಯಾರ ಹಂಗೂ ಇಲ್ಲದೆ ಎಡಗೈ ಬಿಟ್ಟುಕೊಂಡು ಮನೆಯ ನಡುಗುವ ಗೆರೆಗಳನ್ನೆಲ್ಲ ತಿದ್ದಿದಳು. ಮೆಟ್ಟಿಲ ಮೇಲೆ ನಿಜವಾದ ಕೋಳಿಯನ್ನೂ ಕೂರಿಸಿದಳು, ಸರ್ ಕೇಳಿದರೆ ಕಂಡದ್ದೂ ಇದೆ ಎಂದು ತೋರಿಸಲಿಕ್ಕೆ. ಎಲ್ಲ ಮುಗಿದ ಮೇಲೆ ಹಾದಿ ಖಾಲಿ ಉಳಿದಿತ್ತು, ಹುಣಸೆ ಮರದಿಂದ ಮನೆಯ ತನಕ. “ಇಲ್ಲೆ ಯಾರರೆ ಒಬ್ರು ಬೇಕು ಅಜ್ಜಿ,” ಎಂದಳು. “ನಿಮ್ಮಾಯಿನ್ನ ಬರೀಲೇನು? ಕೋಲು ಹಿಡಕೊಂಡು ಬರಾಕತ್ತಿದ್ಹಂಗ?”

ನಾನು ಅಣ್ಣನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ.

“ಬ್ಯಾಡ,” ಎಂದೆ. “ಆಕಿ ಇನ್ನೊಂದೀಟು ಹೊತ್ತು ಬರೂದು ಬ್ಯಾಡ. ಅವ್ವಂದು ಇನ್ನೂ ಬಳಿಯೂದೈತಿ.”

ಸಹನಾ ಅದನ್ನು ಸರ್‌ಗೆ ತೋರಿಸಿ ತಂದಳು. ಕಂಡದ್ದಕ್ಕಿಂತ ಕಾಣದ್ದನ್ನೇ ಚೆನ್ನಾಗಿ ಬರೆದಿದ್ದೀ ಎಂದರಂತೆ. ಈಗ ಅದು ಗಾಜು ಹಾಕಿಸಿಕೊಂಡು ಶಹಾಪುರದ ಮನೆಯಲ್ಲಿ, ಮಗ್ಗವಿದ್ದ ಜಾಗದಲ್ಲಿ ನನ್ನ ಕುರ್ಚಿಯ ಎದುರಿಗೇ ಇದೆ. ನಾನೀಗ ಅವಳ ಕೋಣೆಗೆ ಹೋಗುವ ಮುಂಚೆ ಎರಡು ಸಲ ಕೆಮ್ಮುತ್ತೇನೆ, ಅವಳು ಒಳಗಿನಿಂದ “ಬಾ ಅಜ್ಜಿ, ಎಡಗೈಲೇ ಬರಿಯಾಕತ್ತೀನಿ” ಎಂದು ಕೂಗುತ್ತಾಳೆ. ಮುಂಜಾನೆ ಚಹಾ ಕುಡಿಯುತ್ತಾ ಚಿತ್ರದ ಮುಂದೆ ಕೂರುತ್ತೇನೆ. ಈಗ ನನ್ನ ಮುಖ ಮನೆಯ ಕಡೆಗಿದೆ. ಗೋಡೆ ಹಸಿಯಾಗಿ ಹೊಳೆಯುತ್ತದೆ, ಚಂದ್ರಗಳೆಲ್ಲ ಬಾಗಿಲಿನ ಕಡೆ ನೋಡುತ್ತವೆ, ಹಾದಿ ಇನ್ನೂ ಖಾಲಿ ಇದೆ. ತಿರುವಿನ ಆಚೆ, ಚಿತ್ರದಲ್ಲಿ ಕಾಣದ ಆ ಕಲ್ಲಿನ ಮೇಲೆ, ಆಯಿ ಎಲೆ ಅಡಕೆ ಮೆಲ್ಲುತ್ತಾ ಕೂತಿದ್ದಾಳೆ. ಅವಳಿಗೇನೂ ಅವಸರವಿಲ್ಲ.